ಹೆಸರು ಯಾರ ಸ್ವತ್ತು?

(ಅಲ್ಲಾಳಸಂದ್ರದಲ್ಲಿ ಹಾಲು ಉತ್ಪಾದಕರು, ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಬೇಸಾಯ ಶಾಸ್ತ್ರದ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ರಾಗಿಯ ಸಾಲಿನ ಅಂತರ, ಅಕ್ಕಡಿ ಬೆಳೆ, ಮಣ್ಣು ಪರೀಕ್ಷೆ ಇವುಗಳನ್ನು ಕುರಿತು ಮಾತನಾಡುವುದೆಂದರೆ ನನಗೆ ಸಲೀಸು. ಈ ದಿನ ನೀವು ನನಗೆ ಒಪ್ಪಿಸಿರುವ ವಿಷಯ ಬೇರೆ. "ದಿನನಿತ್ಯ ನಾವು ಆಡುವ ಮಾತುಗಳನ್ನೇ ಕಂಪನಿಗಳು ತಮ್ಮ ಸ್ವತ್ತು ಎನ್ನುತ್ತಿವೆಯಲ್ಲ, ಇದು ಹೇಗೆ? ನಾಳೆ ನಮ್ಮ ಚೀಲದ ಮೇಲೆ ಯಾವ ಹೆಸರು ಬರೆಯಬೇಕು?" ಎಂದು ಕೇಳಿದ್ದೀರಿ. ನಾನು ವಕೀಲನಲ್ಲ. ಆದರೆ ಬೀಜದ ಚೀಲ, ಔಷಧಿಯ ಡಬ್ಬಿ, ಹಾಲಿನ ಪೊಟ್ಟಣ ಇವುಗಳ ಮೇಲೆ ಏನು ಬರೆದಿದೆ ಎಂಬುದು ಬೇಸಾಯಕ್ಕೆ ಹೊರಗಿನ ಸಂಗತಿಯೇನೂ ಅಲ್ಲ. ಅಷ್ಟರಮಟ್ಟಿಗೆ ನಾನು ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಾವು ಕುಳಿತಿರುವ ಜಾಗಕ್ಕೆ ಸಮೀಪದಲ್ಲೇ ಯಲಹಂಕದ ಮದರ್ ಡೈರಿ ಇದೆ. ಅಲ್ಲಿಂದ ಹೊರಡುವ ಪೊಟ್ಟಣಗಳ ಮೇಲೆ 'ನಂದಿನಿ' ಎಂದಿರುತ್ತದೆ. ಇಲ್ಲಿರುವವರಲ್ಲಿ ಅನೇಕರು ಬೆಳಿಗ್ಗೆ ಸಂಜೆ ಸಂಘದ ಡೈರಿಗೆ ಹಾಲು ಹಾಕಿ ಬರುವವರು. ಹಾಗಾಗಿ ಆ ಹೆಸರು ಒಂದರ್ಥದಲ್ಲಿ ನಿಮ್ಮದೇ. ಆ ಹೆಸರಿಗಾಗಿ ವರ್ಷಗಟ್ಟಲೆ ನಡೆದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ ಒಂದು ವ್ಯಾಜ್ಯವಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಂದಿನಿ ಎಂಬುದು ಯಾರೂ ಹೊಸದಾಗಿ ಹುಟ್ಟಿಸಿದ ಮಾತಲ್ಲ. ವಸಿಷ್ಠರ ಆಶ್ರಮದ ಹಸು ನಂದಿನಿ. ದಿಲೀಪ ಮಹಾರಾಜ ಕಾಯ್ದದ್ದು ಅದನ್ನೇ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೂ, ಕೊಟ್ಟಿಗೆಯ ಕರುಗಳಿಗೂ ಆ ಹೆಸರಿದೆ. ಯಶವಂತಪುರದ ಆಚೆ ನಂದಿನಿ ಬಡಾವಣೆಯೇ ಇದೆ. ಕರ್ನಾಟಕ ಹಾಲು ಮಹಾಮಂಡಳ, ಅಂದರೆ ಕೆ.ಎಂ.ಎಫ್., ತನ್ನ ಹಾಲಿಗೂ ಹಾಲಿನ ಪದಾರ್ಥಗಳಿಗೂ ಈ ಹೆಸರನ್ನು ಬಳಸತೊಡಗಿದ್ದು 1985ರಲ್ಲಿ. ನಾಲ್ಕು ವರ್ಷಗಳ ನಂತರ, 1989ರಲ್ಲಿ, ಬೆಂಗಳೂರಿನಲ್ಲಿ 'ನಂದಿನಿ ಡೀಲಕ್ಸ್' ಎಂಬ ಹೊಟೇಲು ಆರಂಭವಾಯಿತು. ಕಾಲಕ್ರಮದಲ್ಲಿ ಆ ಹೆಸರಿನ ಹಲವು ಹೊಟೇಲುಗಳಾದವು. ಇಂಗ್ಲಿಷಿನಲ್ಲಿ ಬರೆಯುವಾಗ ಇವರದರಲ್ಲಿ 'ಎಚ್' ಅಕ್ಷರ ಒಂದು ಹೆಚ್ಚು. ಕೆ.ಎಂ.ಎಫ್. ಗುರುತಿನಲ್ಲಿ ಹಸು, ಇವರ ಗುರುತಿನಲ್ಲಿ ದೀಪ.

ಹೊಟೇಲಿನವರು ಮಾಂಸ, ಮೀನು, ಸಂಸ್ಕರಿಸಿದ ಹಣ್ಣು ತರಕಾರಿ, ಕಾಫಿ, ಟೀ ಮುಂತಾದ ಸರಕುಗಳಿಗೆ ತಮ್ಮ ಗುರುತನ್ನು ನೋಂದಾಯಿಸಲು ಅರ್ಜಿ ಹಾಕಿದಾಗ ಕೆ.ಎಂ.ಎಫ್. ತಕರಾರು ಸಲ್ಲಿಸಿತು. ನಂದಿನಿ ಎಂದರೆ ಜನ ನಮ್ಮನ್ನೇ ನೆನೆಯುತ್ತಾರೆ, ಆಹಾರ ಪದಾರ್ಥದ ಮೇಲೆ ಬೇರೆಯವರು ಆ ಹೆಸರು ಹಾಕಿದರೆ ಮೋಸವಾಗುತ್ತದೆ ಎಂಬುದು ಅದರ ವಾದ. ನೋಂದಣಿ ಅಧಿಕಾರಿ ತಕರಾರನ್ನು ಒಪ್ಪಲಿಲ್ಲ. 2011ರಲ್ಲಿ ಮೇಲ್ಮನವಿ ಮಂಡಳಿ ಕೆ.ಎಂ.ಎಫ್. ಪರವಾಗಿ ತೀರ್ಪು ಕೊಟ್ಟಿತು. 2014ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದರೆ 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯ ಇದನ್ನು ತಿರುಗಿಸಿತು.

ನ್ಯಾಯಾಲಯ ಹೇಳಿದ್ದರ ತಾತ್ಪರ್ಯವಿಷ್ಟು. ನಂದಿನಿ ಎಂಬುದು ದೇವಿಯ ಹೆಸರು, ಪುರಾಣದ ಹಸುವಿನ ಹೆಸರು, ಕೆ.ಎಂ.ಎಫ್. ಸೃಷ್ಟಿಸಿದ ಪದವಲ್ಲ. ಎರಡೂ ಗುರುತುಗಳನ್ನು ಇಡಿಯಾಗಿ ನೋಡಿದರೆ ಒಂದರಂತೆ ಇನ್ನೊಂದು ಇಲ್ಲ. ಒಬ್ಬರು ಮಾರುವುದು ಹಾಲು, ಇನ್ನೊಬ್ಬರದು ಹೊಟೇಲಿನ ತಿನಿಸು. ನೋಂದಣಿಯ ಪಟ್ಟಿಯಲ್ಲಿ ಎರಡೂ ಒಂದೇ ವರ್ಗದ ಕೆಳಗೆ ಬರುತ್ತವೆ ಎಂಬ ಮಾತ್ರಕ್ಕೆ ಆ ವರ್ಗದಲ್ಲಿರುವ ಸಕಲ ಸರಕಿನ ಮೇಲೂ ಒಬ್ಬರಿಗೇ ಏಕಸ್ವಾಮ್ಯ ಬರುವುದಿಲ್ಲ. ಇದಕ್ಕೆ ಹಿಂದಿನ 'ಚಾರ್‌ಮಿನಾರ್' ಮೊಕದ್ದಮೆಯ ಆಧಾರವೂ ಇತ್ತು. ಸಿಗರೇಟು ಮಾರುವವರು ಆ ಹೆಸರನ್ನು ಹಿಡಿದುಕೊಂಡು ಜರ್ದಾ ಮಾರುವವರನ್ನು ತಡೆಯಲಾಗದೆಂದು 1996ರಲ್ಲೇ ತೀರ್ಮಾನವಾಗಿತ್ತು. ಆದರೆ ನಂದಿನಿ ಪ್ರಕರಣದಲ್ಲಿ ಒಂದು ನಿರ್ಬಂಧ ಉಳಿಯಿತು: ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಹೊಟೇಲಿನವರ ನೋಂದಣಿ ಸಲ್ಲದು.

ಈ ತೀರ್ಪು ಬಂದಾಗ ನನ್ನ ಪರಿಚಯದ ಕೆಲವು ಸಂಘದ ಕಾರ್ಯದರ್ಶಿಗಳು ಬೇಸರಪಟ್ಟರು. 'ನಮ್ಮ ಹೆಸರು ಹೋಯಿತಲ್ಲ ಸಾರ್' ಎಂದರು. ನನಗೆ ಹಾಗೆ ಅನ್ನಿಸಲಿಲ್ಲ, ಇಂದಿಗೂ ಅನ್ನಿಸುವುದಿಲ್ಲ. ಹೋದದ್ದು ಏನು? ಕೋಳಿ ಸಾರಿನ ಮೇಲೂ ನಮ್ಮದೇ ಹಕ್ಕು ಎಂಬ ಮಾತು ಹೋಯಿತು. ಉಳಿದದ್ದು ಹಾಲು, ಮೊಸರು, ತುಪ್ಪ, ಪೇಡ. ಹೆಸರಿಗೆ ಬೆಲೆ ಬಂದದ್ದೂ ಅಲ್ಲಿಯೇ ತಾನೇ? ನೀಲಿ ಪೊಟ್ಟಣದ ಟೋನ್ಡ್ ಹಾಲಿನಲ್ಲಿ ಶೇ. 3ರಷ್ಟು ಕೊಬ್ಬು, ಶೇ. 8.5ರಷ್ಟು ಕೊಬ್ಬೇತರ ಘನಾಂಶ ಇರುತ್ತದೆ ಎಂಬ ನಂಬಿಕೆಯ ಮೇಲೆ ಪಟ್ಟಣದ ಗೃಹಿಣಿ ಅದನ್ನು ಕೊಳ್ಳುತ್ತಾಳೆ. ಕಾಯಬೇಕಾದದ್ದು ಆ ನಂಬಿಕೆಯನ್ನು. 2021ರ ಡಿಸೆಂಬರಿನಲ್ಲಿ ಮೈಸೂರಿನ ಬಳಿ ಹೊಸಹುಂಡಿಯಲ್ಲಿ ನಕಲಿ ನಂದಿನಿ ತುಪ್ಪ ತಯಾರಿಸುತ್ತಿದ್ದುದು ಪತ್ತೆಯಾಯಿತಲ್ಲ, ಅಂಥ ಕಡೆ ಈ ಕಾನೂನಿನ ಬಲವನ್ನು ಪೂರ್ತಿಯಾಗಿ ಉಪಯೋಗಿಸಬೇಕು. ಅಲ್ಲಿ ಕದ್ದದ್ದು ಬರೀ ಮಾತನ್ನಲ್ಲ, ಹಾಲು ಕರೆದವರ ದುಡಿಮೆಯನ್ನು.

ಕಾನೂನು ಕೊಡುವುದೆಷ್ಟು?

ನಮ್ಮ ದೇಶದಲ್ಲಿ ಈಗಿರುವುದು 1999ರ ವ್ಯಾಪಾರ ಗುರುತುಗಳ ಕಾಯ್ದೆ. ಇದು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಸರಕಿನ ಜಾತಿ, ಗುಣ, ಪ್ರಮಾಣ, ಉಪಯೋಗ, ಹುಟ್ಟಿದ ಊರು ಇಷ್ಟನ್ನೇ ಹೇಳುವ ಮಾತನ್ನು ಸಾಮಾನ್ಯವಾಗಿ ನೋಂದಾಯಿಸಲಾಗದು ಎಂದು ಅದರ 9ನೆಯ ಪ್ರಕರಣ ಹೇಳುತ್ತದೆ. ಬಹುಕಾಲದ ಬಳಕೆಯಿಂದ ಆ ಮಾತು ಒಬ್ಬರ ಸರಕಿನ ಗುರುತೇ ಆಗಿಬಿಟ್ಟಿದ್ದರೆ ಮಾತ್ರ ವಿನಾಯಿತಿ ಉಂಟು. ಸುಲಭವಾಗಿ ಹೇಳುವುದಾದರೆ, ಸೇಬು ಮಾರುವವನು 'ಸೇಬು' ಎಂಬ ಮಾತನ್ನು ತನ್ನದು ಎನ್ನಲಾರ. ಕಂಪ್ಯೂಟರ್ ಮಾರುವವನು ಎನ್ನಬಹುದು, ಏಕೆಂದರೆ ಕಂಪ್ಯೂಟರಿಗೂ ಸೇಬಿಗೂ ಸಂಬಂಧವಿಲ್ಲ. ಆದರೆ ಅವನು ಸೇಬಿನ ತೋಟಕ್ಕೆ ಬಂದು ಜೋರು ಮಾಡುವಂತಿಲ್ಲ. ಇದೇನು ತಮಾಷೆಯ ಮಾತಲ್ಲ. ಆಪಲ್ ಕಂಪನಿ ಸ್ವಿಟ್ಜರ್ಲೆಂಡಿನಲ್ಲಿ ಸೇಬಿನ ಚಿತ್ರದ ಮೇಲೆ ಹಕ್ಕು ಕೇಳಿದ್ದರಿಂದ, ನೂರು ವರ್ಷಕ್ಕೂ ಹಳೆಯದಾದ ಅಲ್ಲಿಯ ಹಣ್ಣು ಬೆಳೆಗಾರರ ಸಂಘ ತನ್ನ ಕೆಂಪು ಸೇಬಿನ ಲಾಂಛನಕ್ಕೆ ಏನು ಗತಿ ಎಂದು 2023ರಲ್ಲಿ ಆತಂಕಪಡಬೇಕಾಯಿತು.

ನಮ್ಮ ನ್ಯಾಯಾಲಯಗಳು ಈ ವಿಷಯದಲ್ಲಿ ಬಹುಮಟ್ಟಿಗೆ ಜನಸಾಮಾನ್ಯರ ಮಾತನ್ನು ಉಳಿಸಿವೆ. ಅಗರಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ತಮ್ಮೊಬ್ಬರದಾಗಿ ಮಾಡಿಕೊಳ್ಳಲು ಹೊರಟವರಿಗೆ, ಪವಿತ್ರ ಗ್ರಂಥದ ಹೆಸರು ಒಬ್ಬರ ಸ್ವತ್ತಾಗದು ಎಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಗುಜರಾತಿನ ಹಾಲು ಮಹಾಮಂಡಳ ತನ್ನ ಅಮುಲ್ ಐಸ್‌ಕ್ರೀಮಿನಂಥ ತಿನಿಸಿನ ಮೇಲೆ 'ಷುಗರ್ ಫ್ರೀ' ಎಂದು ಮುದ್ರಿಸಿದಾಗ, ಅದೇ ಹೆಸರಿನ ಸಿಹಿಕಾರಕ ಮಾರುವ ಔಷಧಿ ಕಂಪನಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಸಕ್ಕರೆ ಇಲ್ಲ ಎಂದು ಹೇಳುವ ಮಾತನ್ನು ಯಾರಿಗೂ ಬಿಗಿಯಾಗಿ ಕಟ್ಟಿಕೊಡಲಾಗದು ಎಂಬುದೇ ಆ ಮೊಕದ್ದಮೆಯ ಫಲ. ಆದರೆ ಅಕ್ಷರದ ಗಾತ್ರದ ವಿಷಯದಲ್ಲಿ ಅಮುಲ್‌ಗೆ ಮಿತಿ ಹಾಕಲಾಯಿತು. ಇದರಿಂದ ನಮಗೊಂದು ಉಪಯೋಗದ ಪಾಠವಿದೆ. ನಿಮ್ಮ ಗುಂಪಿನ ಸ್ವಂತ ಹೆಸರು ದೊಡ್ಡಕ್ಷರದಲ್ಲಿರಲಿ. 'ಶುದ್ಧ', 'ತಾಜಾ', 'ನಾಟಿ', 'ಗಾಣದ' ಎಂಬ ವಿವರಣೆಯ ಮಾತುಗಳು ಅದರ ಕೆಳಗೆ ಚಿಕ್ಕಕ್ಷರದಲ್ಲಿರಲಿ.

ಸ್ವಲ್ಪ ಕಾಲದ ಹಿಂದೆ ದೇವನಹಳ್ಳಿ ಕಡೆಯ ಒಂದು ಮಹಿಳಾ ಸಂಘದವರು ನನ್ನ ಬಳಿ ಒಂದು ಪತ್ರ ತಂದಿದ್ದರು. ಅವರು ರಾಗಿ ಹುರಿಹಿಟ್ಟು ಮಾಡಿ ಮಾರುವವರು. ಪೊಟ್ಟಣದ ಚೀಟಿಯಲ್ಲಿ 'ಮನೆಯ ಹುರಿಹಿಟ್ಟು' ಎಂದಿತ್ತು. 'ಮನೆ' ಎಂಬ ಮಾತು ತಮ್ಮ ನೋಂದಾಯಿತ ಗುರುತೆಂದೂ, ಏಳು ದಿನಗಳೊಳಗೆ ಬಳಕೆ ನಿಲ್ಲಿಸಿ ಮುಚ್ಚಳಿಕೆ ಬರೆದುಕೊಡಬೇಕೆಂದೂ ಒಂದು ವ್ಯಾಪಾರಿ ಸಂಸ್ಥೆಯ ಪರವಾಗಿ ಆ ಪತ್ರ ಬಂದಿತ್ತು. ಸಂಘದ ಹಿರಿಯ ಸದಸ್ಯೆಯೊಬ್ಬರು, 'ಸಾರ್, ಮನೆಗೆ ಮನೆ ಅನ್ನದೆ ಇನ್ನೇನು ಅನ್ನೋದು?' ಎಂದು ಕೇಳಿದರು. ಅವರು ಹೆದರಿದ್ದರು, ಚೀಟಿಗಳನ್ನೆಲ್ಲ ಸುಟ್ಟುಹಾಕಲು ಸಿದ್ಧರಾಗಿದ್ದರು. ಪರಿಚಯದ ವಕೀಲರಿಗೆ ತೋರಿಸಿದಾಗ ತಿಳಿದದ್ದು ಇದು. ಆ ಸಂಸ್ಥೆಯ ನೋಂದಣಿ ಇದ್ದದ್ದು ಒಂದು ಚಿತ್ರ ಹಾಗೂ ಮೂರು ನಾಲ್ಕು ಪದ ಸೇರಿದ ಇಡೀ ಗುರುತಿಗೆ, ಅದೂ ಉಪ್ಪಿನಕಾಯಿಗೆ. ಇಡಿಯಾಗಿ ನೋಂದಾಯಿಸಿದ ಗುರುತಿನೊಳಗಿನ ಒಂದೊಂದು ಸಾಮಾನ್ಯ ಪದದ ಮೇಲೂ ಪ್ರತ್ಯೇಕ ಹಕ್ಕು ಬರುವುದಿಲ್ಲವೆಂದು ಕಾಯ್ದೆಯ 17ನೆಯ ಪ್ರಕರಣವೇ ಹೇಳುತ್ತದೆ. ವಕೀಲರು ಒಂದು ಪುಟದ ಉತ್ತರ ಬರೆದರು. ಆಮೇಲೆ ಆ ಕಡೆಯಿಂದ ಪತ್ರ ಬರಲಿಲ್ಲ. ಹುರಿಹಿಟ್ಟಿನ ವ್ಯಾಪಾರ ನಡೆಯುತ್ತಿದೆ.

ನನ್ನ ಅಭಿಪ್ರಾಯದಲ್ಲಿ ಅಪಾಯ ಇರುವುದು ಇಲ್ಲಿಯೇ. ನ್ಯಾಯಾಲಯಕ್ಕೆ ಹೋದ ಮಾತುಗಳು ಬಹುಪಾಲು ಉಳಿದುಕೊಂಡಿವೆ. ನ್ಯಾಯಾಲಯದವರೆಗೆ ಹೋಗದೆ, ಪತ್ರ ಕಂಡೊಡನೆ ಹೆದರಿ ಬಿಟ್ಟುಕೊಟ್ಟ ಮಾತುಗಳೆಷ್ಟೋ, ಅವನ್ನು ಯಾರೂ ಎಣಿಸಿಲ್ಲ.

ಹೊರದೇಶದಲ್ಲಿ ಇಂಥದು ಬೆಳೆಯ ಹೆಸರಿಗೇ ಬಂದೊದಗಿದೆ. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ ಕುಪುವಾಸು ಎಂಬ ಹಣ್ಣಿದೆ, ಕೋಕೋ ಗಿಡದ ದಾಯಾದಿ. ಅಲ್ಲಿಯವರಿಗೆ ಅದು ನಮ್ಮ ಹಲಸಿನಂತೆ ಮನೆಯ ಹಣ್ಣು. ಜಪಾನಿನ ಒಂದು ಕಂಪನಿ ಆ ಹಣ್ಣಿನ ಹೆಸರನ್ನೇ ತನ್ನ ವ್ಯಾಪಾರ ಗುರುತಾಗಿ ನೋಂದಾಯಿಸಿಕೊಂಡಿತು. ಬೆಳೆದವರೇ ತಮ್ಮ ಹಣ್ಣಿನ ಹೆಸರು ಹೇಳಿ ಅಲ್ಲಿ ಮಾರಲಾಗದ ಸ್ಥಿತಿ ಬಂತು. ಬ್ರೆಜಿಲಿನ ಜನ ತಕರಾರೆತ್ತಿ, 2004ರಲ್ಲಿ ಜಪಾನಿನ ಕಚೇರಿಯೇ ಆ ನೋಂದಣಿಯನ್ನು ರದ್ದುಮಾಡಿತು. ದಕ್ಷಿಣ ಆಫ್ರಿಕದ ರೂಯಿಬೋಸ್ ಎಂಬ ಕೆಂಪು ಪೊದೆಯ ಟೀಗೂ ಅಮೆರಿಕದಲ್ಲಿ ಹೀಗೆಯೇ ಆಗಿ, 1994ರ ನೋಂದಣಿ ಬಿಡುಗಡೆಯಾಗಲು 2005ರವರೆಗೆ ಕಾಯಬೇಕಾಯಿತು. ಇಲ್ಲಿ ಬಾಸುಮತಿಯ ಮಾತು ನಿಮಗೆ ನೆನಪಾಗಬಹುದು. ಅದು ಕೊಂಚ ಬೇರೆ. 1997ರಲ್ಲಿ ಟೆಕ್ಸಾಸಿನ ಕಂಪನಿಗೆ ಸಿಕ್ಕಿದ್ದು ಪೇಟೆಂಟು, ಅಂದರೆ ಅಕ್ಕಿಯ ತಳಿ ಹಾಗೂ ಗುಣಗಳ ಮೇಲಿನ ಹಕ್ಕು, ಬಾಸುಮತಿ ಎಂಬ ಮಾತಿನ ಮೇಲಿನದಲ್ಲ. ಭಾರತ ತಕರಾರು ಹಾಕಿದ ಮೇಲೆ ಅದರ ಬಹುಪಾಲು ಬಿದ್ದುಹೋಯಿತು. ಪೇಟೆಂಟು, ವ್ಯಾಪಾರ ಗುರುತು, ತಳಿ ನೋಂದಣಿ, ಭೌಗೋಳಿಕ ಗುರುತು ಇವು ನಾಲ್ಕೂ ಬೇರೆ ಬೇರೆ ಕಾಗದಗಳು. ಪತ್ರಿಕೆಗಳಲ್ಲಿ ಇವನ್ನು ಕಲಸಿ ಬರೆಯುವುದರಿಂದ ರೈತರಿಗೆ ಗೊಂದಲವಾಗುತ್ತದೆ.

ಬೀಜದ ಹೆಸರು

ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ತಮ್ಮ ತಳಿಗಳಿಗೆ ಇಟ್ಟ ಹೆಸರುಗಳನ್ನು ನೋಡಿ: ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ. ಎಲ್ಲವೂ ಮನೆಮಾತಿನ ಹೆಸರುಗಳೇ. ಮುಂದೆ ಇಂಡಿಯ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ಪಡೆದವಕ್ಕೆ 'ಇಂಡಾಫ್' ಎಂಬ ಹೊಸ ಮಾತನ್ನೇ ಕಟ್ಟಿದರು. ಯಾವ ರೈತನೂ ಈ ಹೆಸರು ಹೇಳಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಬೀಜದ ಜೊತೆಗೆ ಹೆಸರೂ ಹೊಲದಿಂದ ಹೊಲಕ್ಕೆ ಹೋಯಿತು.

ಈಗ 2001ರ ಸಸ್ಯ ತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯ್ದೆ ಇದೆ. ಅದರ 39ನೆಯ ಪ್ರಕರಣವನ್ನು ವಿಸ್ತರಣಾ ಕಾರ್ಯಕರ್ತರು ಪ್ರತಿ ಹಳ್ಳಿಯಲ್ಲಿಯೂ ಓದಿ ಹೇಳಬೇಕೆಂದು ನನ್ನ ಕೋರಿಕೆ. ಸಂರಕ್ಷಿತ ತಳಿಯ ಬೀಜವನ್ನು ಕೂಡ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ನೆರೆಯವರೊಂದಿಗೆ ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಮಾಡಬಾರದ್ದು ಒಂದೇ. ಪೊಟ್ಟಣದಲ್ಲಿಯೋ ಚೀಲದಲ್ಲಿಯೋ ತುಂಬಿ, ಇದು ಇಂಥ ಸಂರಕ್ಷಿತ ತಳಿ ಎಂದು ಚೀಟಿ ಅಂಟಿಸಿ ಮಾರುವಂತಿಲ್ಲ. ಅಂದರೆ ಅಲ್ಲಿ ರೈತನಿಗೂ ಕಂಪನಿಗೂ ನಡುವೆ ಗೆರೆ ಎಳೆದಿರುವುದು ಬೀಜದ ಮೇಲೆ ಅಲ್ಲ, ಚೀಟಿಯ ಮೇಲೆ. ಈ ವ್ಯತ್ಯಾಸ ತಿಳಿಯದೆ ಸುಮ್ಮನೆ ಬೀಜ ಕೊಡಲು ಅಂಜುವವರನ್ನು ನಾನು ಕಂಡಿದ್ದೇನೆ. ತಿಳಿಯದೆ ಚೀಟಿ ಅಂಟಿಸಿ ತೊಂದರೆಗೆ ಸಿಕ್ಕಿಕೊಳ್ಳುವುದೂ ಸಾಧ್ಯ.

ಅದೇ ಕಾಯ್ದೆಯಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ. ತಳಿಗೆಂದು ನೋಂದಾಯಿಸಿದ ಹೆಸರನ್ನು ಯಾರೂ ವ್ಯಾಪಾರ ಗುರುತಾಗಿ ನೋಂದಾಯಿಸಿಕೊಳ್ಳುವಂತಿಲ್ಲ. ತಳಿಯ ಹೆಸರು ಎಲ್ಲರೂ ಕರೆಯುವ ಹೆಸರಾಗಿಯೇ ಉಳಿಯಬೇಕು ಎಂಬುದು ಇದರ ಉದ್ದೇಶ. ರೈತರು ತಾವೇ ಕಾಪಾಡಿಕೊಂಡು ಬಂದ ತಳಿಯನ್ನು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಬಹುದು. ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ತೋಟದ, ತಾಮ್ರದ ಬಣ್ಣದ ತೊಳೆಯ ಹಲಸು 'ಸಿದ್ದು' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆಯಲ್ಲ, ಅದು ಅವರ ತಂದೆಯ ಹೆಸರಿನಿಂದ ಬಂದದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅವರೊಂದಿಗೆ ಒಪ್ಪಂದ ಮಾಡಿಕೊಂಡು ಸಸಿ ಬೆಳೆಸಲು ನೆರವಾಯಿತು. ಆದಾಯದ ದೊಡ್ಡ ಪಾಲು ರೈತನಿಗೇ ಸೇರುವಂತೆ ಏರ್ಪಾಡಾಯಿತು.

ನಾವೇ ಬಿಟ್ಟುಕೊಟ್ಟ ಮಾತುಗಳು

ಇಷ್ಟು ಹೊತ್ತು ಕಂಪನಿಗಳು ನಮ್ಮ ಮಾತನ್ನು ಕೇಳಿದ ಕಥೆಯಾಯಿತು. ಇದರ ತಿರುವುಮುರುವು ಕೂಡ ಉಂಟು. ವನಸ್ಪತಿಗೆ ನಮ್ಮ ತಾಯಂದಿರು 'ಡಾಲ್ಡ' ಎಂದರು. ಮಣ್ಣು ಅಗೆಯುವ ಯಾವ ಯಂತ್ರ ಬಂದರೂ ನಾವು 'ಜೆಸಿಬಿ' ಎನ್ನುತ್ತೇವೆ. ಅದರಿಂದ ನಮಗೆ ನಷ್ಟವೇನೂ ಇಲ್ಲ. ಆದರೆ ಔಷಧಿ ಅಂಗಡಿಯಲ್ಲಿ ನಷ್ಟವಿದೆ.

ಎಲೆಚುಕ್ಕೆ ರೋಗಕ್ಕೆ ನಾವು ಮ್ಯಾಂಕೋಜೆಬ್ ಎಂದು ಬರೆದುಕೊಡುತ್ತೇವೆ. ಇದು ಆ ರಾಸಾಯನಿಕದ ಸಾಮಾನ್ಯ ಹೆಸರು, ಯಾರ ಸ್ವತ್ತೂ ಅಲ್ಲ. ಅಂಗಡಿಯಲ್ಲಿ ಡೈಥೇನ್ ಎಂ-45 ಎಂದು ಒಂದು, ಇಂಡೋಫಿಲ್ ಎಂ-45 ಎಂದು ಇನ್ನೊಂದು ಸಿಗುತ್ತದೆ. ಎರಡರಲ್ಲಿಯೂ ಇರುವುದು ಶೇ. 75ರ ಮ್ಯಾಂಕೋಜೆಬ್ ಪುಡಿಯೇ. ಒಂದು 'ಹಿಡಿಯಲಿಲ್ಲ' ಎಂದು ಇನ್ನೊಂದನ್ನು ತಂದು ಅದೇ ವಾರ ಹೊಡೆದವರಿದ್ದಾರೆ. ಹೆಸರು ಎರಡು, ಮದ್ದು ಒಂದು, ಖರ್ಚು ಇಮ್ಮಡಿ. ಜೊತೆಗೆ ಬೆಳೆಯ ಮೇಲೆ ಶಿಫಾರಸಿಗಿಂತ ಹೆಚ್ಚು ವಿಷ. ಕಾರ್ಬೆಂಡಜಿಂ ಎನ್ನಬೇಕಾದಲ್ಲಿ ಬಾವಿಸ್ಟಿನ್, ಇಮಿಡಾಕ್ಲೋಪ್ರಿಡ್ ಎನ್ನಬೇಕಾದಲ್ಲಿ ಕಾನ್ಫಿಡಾರ್ ಎನ್ನುವುದೂ ಹೀಗೆಯೇ. ನಮ್ಮ ಸಿಬ್ಬಂದಿಯಲ್ಲಿಯೂ ಕೆಲವರು ಚೀಟಿಯಲ್ಲಿ ವ್ಯಾಪಾರದ ಹೆಸರನ್ನೇ ಬರೆಯುತ್ತಾರೆ. ಇದು ತಪ್ಪೆಂದು ಈ ಸಭೆಯಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ಡಬ್ಬಿಯ ಮೇಲೆ ಸಾಮಾನ್ಯ ಹೆಸರನ್ನೂ ಶೇಕಡಾ ಪ್ರಮಾಣವನ್ನೂ ಮುದ್ರಿಸಿರಲೇಬೇಕು. ಕೊಳ್ಳುವಾಗ ದೊಡ್ಡಕ್ಷರದ ಹೆಸರನ್ನು ಬಿಟ್ಟು ಅದನ್ನು ಹುಡುಕಿ ಓದಿ. ಕಣ್ಣು ಸಾಲದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ರಸಗೊಬ್ಬರದಲ್ಲಿ ಈ ತೊಂದರೆ ಕಡಿಮೆ. 2022ರ ಅಕ್ಟೋಬರಿನಿಂದ ಸಹಾಯಧನದ ಯೂರಿಯ, ಡಿಎಪಿ ಮುಂತಾದವುಗಳ ಚೀಲದ ಮೇಲೆ 'ಭಾರತ್' ಎಂಬ ಒಂದೇ ಹೆಸರು ಬರಬೇಕೆಂದು ಸರ್ಕಾರ ಗೊತ್ತುಮಾಡಿತು.

ಊರಿನ ಹೆಸರು

ಊರಿನ ಹೆಸರಿನೊಡನೆ ಬೆಸೆದುಕೊಂಡ ಬೆಳೆಗಳಿಗೆ ಭೌಗೋಳಿಕ ಗುರುತಿನ ಕಾಯ್ದೆ ಇದೆ. ಇದೂ 1999ರದೇ, ಜಾರಿಯಾದದ್ದೂ 2003ರ ಅದೇ ದಿನ. ದೇವನಹಳ್ಳಿ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ, ನಂಜನಗೂಡು ರಸಬಾಳೆ, ಮಟ್ಟುಗುಳ್ಳ, ಬ್ಯಾಡಗಿ ಮೆಣಸಿನಕಾಯಿ ಇವೆಲ್ಲ ಇದರಡಿ ನೋಂದಣಿಯಾಗಿವೆ. ಇಲ್ಲಿ ಹಕ್ಕು ಒಬ್ಬ ವ್ಯಾಪಾರಿಯದಲ್ಲ. ಆ ಪ್ರದೇಶದಲ್ಲಿ ಬೆಳೆಯುವ ಎಲ್ಲರದು. ಆದರೆ ಬೆಳೆಗಾರನು 'ಅಧಿಕೃತ ಬಳಕೆದಾರ' ಎಂದು ತನ್ನ ಹೆಸರನ್ನು ಸೇರಿಸಿಕೊಳ್ಳಬೇಕು. ಅದರ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಯಿತು. ಹೀಗಿದ್ದೂ ಎಷ್ಟೋ ಬೆಳೆಗಾರರು ಈ ಕಡೆ ತಿರುಗಿಯೂ ನೋಡಿಲ್ಲ.

ಈ ಕಾಯ್ದೆಗೂ ಒಂದು ಅಂಚಿದೆ ಎಂಬುದನ್ನು ಮರೆಮಾಚುವುದಿಲ್ಲ. ಅದೇ ಚಕ್ಕೋತದ ಸಸಿಯನ್ನು ತುಮಕೂರಿನಲ್ಲಿ ನೆಟ್ಟವನು ತನ್ನ ಹಣ್ಣನ್ನು ದೇವನಹಳ್ಳಿ ಚಕ್ಕೋತ ಎಂದು ಕರೆಯಲಾರ. ಒಬ್ಬರಿಗೆ ರಕ್ಷಣೆ, ಇನ್ನೊಬ್ಬರಿಗೆ ಬೇಲಿ. ಮತ್ತೆ ದೇವನಹಳ್ಳಿಯಲ್ಲಿಯೇ ವಿಮಾನ ನಿಲ್ದಾಣ, ಬಡಾವಣೆಗಳು ಬಂದ ಮೇಲೆ ಚಕ್ಕೋತದ ಮರಗಳು ಎಷ್ಟು ಉಳಿದಿವೆ ಎಂಬುದು ನಿಮಗೆ ತಿಳಿದ ವಿಷಯ. ಹೆಸರಿಗೆ ಕಾಗದ ಸಿಕ್ಕಿತು, ಮರಕ್ಕೆ ನೆಲ ಸಿಗುತ್ತಿಲ್ಲ. ಅಲ್ಲಾಳಸಂದ್ರದ 'ಸಂದ್ರ'ವೆಂದರೆ ಸಮುದ್ರ, ಅಂದರೆ ಕೆರೆ. ಪುಣ್ಯಕ್ಕೆ ನಿಮ್ಮ ಕೆರೆ ಇನ್ನೂ ಇದೆ. ಅದರ ಕೆಳಗಿನ ಗದ್ದೆ ಎಲ್ಲಿವೆ ಎಂದು ಕೇಳಿದರೆ ಹಿರಿಯರು ಕಟ್ಟಡಗಳ ಕಡೆ ಕೈ ತೋರಿಸುತ್ತಾರೆ.

ಕೊನೆಯದಾಗಿ ಕೆಲವು ವ್ಯಾವಹಾರಿಕ ಸಂಗತಿಗಳು. ನಿಮ್ಮ ಗುಂಪು ಅಥವಾ ಉತ್ಪಾದಕರ ಕಂಪನಿ ಹೆಸರಿಟ್ಟುಕೊಳ್ಳುವಾಗ ಇಂಡಾಫ್‌ನಂತೆ ಹೊಸದಾಗಿ ಕಟ್ಟಿದ ಮಾತಾದರೆ ರಕ್ಷಣೆ ಗಟ್ಟಿ. ವ್ಯಾಪಾರ ಗುರುತಿನ ನೋಂದಣಿ ಹತ್ತು ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಬೇರೆ ಯಾರಾದರೂ ಊರಿನ ಮಾತನ್ನು ನೋಂದಾಯಿಸಲು ಅರ್ಜಿ ಹಾಕಿದರೆ ಅದು ಮೊದಲು ಸರ್ಕಾರದ ವ್ಯಾಪಾರ ಗುರುತುಗಳ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಆ ದಿನದಿಂದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಅವಧಿ ಮೀರಿ ನೋಂದಣಿಯಾದರೂ ರದ್ದತಿಗೆ ಅರ್ಜಿ ಹಾಕುವ ದಾರಿಯಿದೆ, ಆದರೆ ಅದು ಉದ್ದದ ದಾರಿ. ಜಿಲ್ಲಾ ಕಚೇರಿಗಳಲ್ಲಿ ಒಬ್ಬರಾದರೂ ಈ ಪತ್ರಿಕೆಯ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಬೇರೆಯವರಿಗಿಂತ ಮೊದಲಿನಿಂದ ಒಂದು ಹೆಸರನ್ನು ಬಳಸುತ್ತಿದ್ದವನನ್ನು ನಂತರದ ನೋಂದಣಿ ತಡೆಯಲಾರದು. ಆದರೆ ಮೊದಲಿನಿಂದ ಬಳಸುತ್ತಿದ್ದೇನೆ ಎಂದು ತೋರಿಸಬೇಕಲ್ಲ? ಆದ್ದರಿಂದ ಹಳೆಯ ಚೀಟಿ, ಮುದ್ರಣಾಲಯದ ಬಿಲ್ಲು, ಕೃಷಿ ಮೇಳದ ಮಳಿಗೆಯ ರಸೀದಿ ಇವನ್ನು ಪಹಣಿಯಷ್ಟೇ ಜೋಪಾನವಾಗಿ ಇಡಿ. ನೋಟೀಸು ಬಂದರೆ ಆ ದಿನವೇ ಯಾವುದಕ್ಕೂ ರುಜು ಹಾಕಬೇಡಿ. ಸುಮ್ಮನೆ ಕೂರಲೂ ಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವುಂಟು, ಅವರ ಆದಾಯ ಎಷ್ಟೇ ಇರಲಿ. ಹೋಗುವಾಗ ಪತ್ರದ ಜೊತೆಗೆ ಅದು ಬಂದ ಲಕೋಟೆಯನ್ನೂ ಕೊಂಡೊಯ್ಯಿರಿ. ಅಂಚೆಯ ದಿನಾಂಕದ ಮುದ್ರೆ ಇರುವುದು ಲಕೋಟೆಯ ಮೇಲೆ. ಉತ್ತರ ಕೊಡುವ ಗಡುವನ್ನು ಲೆಕ್ಕಹಾಕಲು ವಕೀಲರು ಮೊದಲು ಕೇಳುವುದು ಅದನ್ನೇ.